ಆಪ್ತಸಲಹೆ ಪ್ರಕರಣ: ಕಿರುಚಿತ್ರ ಮಾಡಲು ಹೋಗಿ ಕಾಲೇಜನ್ನೇ ಬಿಟ್ಟು ಕೂತ ಹುಡುಗ

ಮಂಗಳೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುವ ಹುಡುಗ, ವಯಸ್ಸು 20. ಮನೆ ಕಡಲ ಬದಿಯ ಊರಲ್ಲಿ. ಅಪ್ಪ ಟ್ರಾಲ್ ಬೋಟಿಗೆ ಹೋಗುವವರು, ಅಮ್ಮ ಮೀನು ಮಾರುತ್ತಾರೆ. ಮನೆಮಾತು ತುಳು, ಹತ್ತನೆಯವರೆಗೆ ಕನ್ನಡ ಮಾಧ್ಯಮ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ಕರೆದುಕೊಂಡು ಬಂದಿದ್ದು ಅಮ್ಮ. "ಕಾಲೇಜಿಗೆ ಹೋಗುವುದಿಲ್ಲ ಮೇಡಂ. ಫೋನ್ ಸ್ವಿಚ್ ಆಫ್ ಮಾಡಿ ಮಲಗಿರ್ತಾನೆ. ಸರಿಯಾಗಿ ಊಟ ಇಲ್ಲ. ಕೇಳಿದ್ರೆ ಎಂತ ಸಾ ಇಲ್ಲ ಅಂತಾನೆ. ಇವರ ಅಪ್ಪ, ಹಾಗಾದ್ರೆ ಬೋಟಿಗೆ ಬರಲಿ ಅಂತ ಕೂತಿದ್ದಾರೆ."

ಅಮ್ಮನನ್ನು ಹೊರಗೆ ಕೂರಿಸಿ ಅವನ ಜೊತೆ ಮಾತಾಡಿದೆ. ಊಟ, ನಿದ್ದೆ ಎರಡೂ ಕೆಟ್ಟಿದ್ದರಿಂದ ಸಾಯುವ ಯೋಚನೆ ಏನಾದರೂ ಬರ್ತಿದೆಯಾ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದವರ ಹತ್ತಿರ ಮಕ್ಕಳು ಬಾಯಿಬಿಡುತ್ತಾರೆ. ಅವನಿಗೆ ಅಂಥ ಯೋಚನೆ ಇರಲಿಲ್ಲ. ಆದರೂ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಬರೆದು ಕೊಟ್ಟೆ. ರಾತ್ರಿ ಹೊತ್ತು ಕೂಡ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ನಿಧಾನಕ್ಕೆ ವಿಷಯ ಬಂತು. ಐದು ಜನರ ತಂಡಕ್ಕೆ ಒಂದು ಕಿರುಚಿತ್ರದ ಪ್ರಾಜೆಕ್ಟ್. ಕಥೆ ಇವನದ್ದೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ, ಆ ಎರಡು ತಿಂಗಳು ಒಂದು ಮನೆ ಹೇಗೆ ನಡೆಯುತ್ತದೆ ಎಂಬ ಕಥೆ. ಬಂದರಿನ ಧಕ್ಕೆಯಲ್ಲಿ ಸಾಲಾಗಿ ಕಟ್ಟಿ ನಿಲ್ಲಿಸಿದ ಬೋಟುಗಳನ್ನು ಮಳೆಯಲ್ಲೇ ಶೂಟ್ ಮಾಡಿದ್ದರು. ಎಡಿಟಿಂಗ್ ಯಾರು ಎಂದಾಗ ಎಲ್ಲರೂ ಇವನತ್ತ ನೋಡಿದರು. ಫೋನಲ್ಲಿ ರೀಲ್ಸ್ ಚೆನ್ನಾಗಿ ಮಾಡುತ್ತಿದ್ದನಲ್ಲ. ಕಂಪ್ಯೂಟರಿನಲ್ಲಿ ಎಡಿಟ್ ಮಾಡಿ ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ "ಸರಿ" ಎಂದುಬಿಟ್ಟ.

ಗೆಳೆಯನ ಲ್ಯಾಪ್‌ಟಾಪ್ ತಂದು, ಯೂಟ್ಯೂಬ್ ನೋಡಿ ನೋಡಿ ಹೇಗೋ ಅರ್ಧ ಕೂಡಿಸಿದ. ಒಂದು ರಾತ್ರಿ ಜಾಗ ತುಂಬಿದೆ ಎಂದು ತೋರಿಸಿತು. ವಿಡಿಯೋಗಳಿದ್ದ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಹಾಕಿ, ಹೆಸರನ್ನೂ ಬದಲಿಸಿದ. ಬೆಳಿಗ್ಗೆ ತೆರೆದು ನೋಡಿದರೆ ಶಾಟ್‌ಗಳನ್ನು ಸಾಲಾಗಿ ಜೋಡಿಸಿದ್ದ ಟೈಮ್‌ಲೈನ್ ಇಡೀ ಕೆಂಪು. ‘ಮೀಡಿಯಾ ಆಫ್‌ಲೈನ್’ ಎಂದು ಬರೆದಿತ್ತು. ಎಲ್ಲ ಅಳಿಸಿಹೋಯಿತು ಎಂದುಕೊಂಡ. ಆಗಲೇ ಆಗಸ್ಟ್ ಬಂದಿತ್ತು, ಬೋಟುಗಳೆಲ್ಲ ಕಡಲಿಗೆ ಹೋಗಿದ್ದವು. ಮತ್ತೆ ಶೂಟ್ ಮಾಡಬೇಕೆಂದರೆ ಇನ್ನೊಂದು ವರ್ಷ ಕಾಯಬೇಕು. ಲ್ಯಾಪ್‌ಟಾಪ್ ಮುಚ್ಚಿದ, ಯಾರಿಗೂ ಹೇಳಲಿಲ್ಲ. ತಂಡದವರು ಇವನು ಕೈಕೊಟ್ಟ ಎಂದುಕೊಂಡರು.

ನಾನು ಎಡಿಟಿಂಗ್ ಕಲಿತವಳಲ್ಲ. ಕಲಿತಿದ್ದರೂ ಅಲ್ಲಿ ಅದನ್ನು ಸರಿಮಾಡಿ ಕೊಡುತ್ತಿರಲಿಲ್ಲ. ಸರಿಯಾಗಬೇಕಿದ್ದದ್ದು ಬೇರೆ. "ಒಂದು ಶಾಟ್ ಎಲ್ಲಿ ಕಟ್ ಮಾಡಬೇಕು ಅಂತ ನಿನಗೆ ಹೇಗೆ ಗೊತ್ತಾಗ್ತದೆ?" ಎಂದು ಕೇಳಿದೆ. ಅಷ್ಟು ಹೊತ್ತು ನೆಲ ನೋಡುತ್ತಿದ್ದವನು ತಲೆ ಎತ್ತಿದ. ಚಿತ್ರದಲ್ಲಿನ ಅಮ್ಮ ಖಾಲಿ ಬುಟ್ಟಿ ತೊಳೆದು ಕವುಚಿ ಹಾಕುತ್ತಾಳೆ, ಬುಟ್ಟಿ ನೆಲಕ್ಕೆ ತಾಗುವ ಸದ್ದು ಕೇಳಬೇಕು, ಕೈ ಹಿಂದೆ ಬರುವ ಮೊದಲೇ ಕಟ್ ಆಗಬೇಕು, ಕೈ ಕಂಡರೆ ಕೆಲಸ ಮುಗಿದ ಹಾಗೆ ಅನಿಸ್ತದೆ, ಎಂದ. ಹತ್ತು ನಿಮಿಷ ಮಾತಾಡಿದ. ಎಡಿಟಿಂಗ್ ಇವನಿಗೆ ಬರುತ್ತದೆ. ಬಾರದಿದ್ದದ್ದು ಆ ಒಂದು ಸಾಫ್ಟ್‌ವೇರ್. ಇವನು ಎರಡನ್ನೂ ಒಂದೇ ಎಂದುಕೊಂಡು, ತಾನೇ ದಡ್ಡ ಎಂಬ ತೀರ್ಮಾನಕ್ಕೆ ಬಂದಿದ್ದ. ಇದನ್ನು ಅವನಿಗೆ ಹಾಗೆಯೇ ಹೇಳಿದೆ.

ಮೊದಲ ಸಲಹೆ, ತಂಡದ ಒಬ್ಬರಿಗಾದರೂ ನಡೆದದ್ದನ್ನು ನಡೆದ ಹಾಗೆ ಹೇಳುವುದು. ಯಾರಿಗೆ ಎಂದಾಗ ಲ್ಯಾಪ್‌ಟಾಪ್ ಕೊಟ್ಟ ಗೆಳೆಯನನ್ನೇ ಆರಿಸಿದ. ಏನು ಹೇಳಬೇಕು ಎಂದು ಇಬ್ಬರೂ ಕೂತು ಬರೆದೆವು: "ನಾನು ಫೋಲ್ಡರ್ ಬೇರೆ ಕಡೆ ಹಾಕಿದೆ. ಆಮೇಲೆ ಎಲ್ಲ ಕೆಂಪಾಯಿತು. ನನಗೆ ಇದು ಗೊತ್ತಿಲ್ಲ, ತೋರಿಸ್ತೀಯಾ?" ಕ್ಷಮೆ, ಕಾರಣ, ಅಳು ಏನೂ ಅದರಲ್ಲಿಲ್ಲ. ನನ್ನೆದುರು ಜೋರಾಗಿ ಹೇಳಿಸಿದೆ. ‘ಗೊತ್ತಿಲ್ಲ’ ಎನ್ನುವಾಗ ಪ್ರತಿ ಸಲ ದನಿ ಇಳಿಯುತ್ತಿತ್ತು. ಇಳಿಯದ ತನಕ ಹೇಳಿಸಿದೆ.

ಎರಡನೆಯದು ನನ್ನ ಮಟ್ಟಿಗೆ ತುಂಬ ಮುಖ್ಯ. ತೋರಿಸುವವನು ಪಕ್ಕದಲ್ಲಿ ಕೂರಲಿ, ಮೌಸ್ ಮಾತ್ರ ನಿನ್ನ ಕೈಯಲ್ಲೇ ಇರಲಿ. ಗೊತ್ತಿರುವವರು ಪಟಪಟ ಅಂತ ನಾಲ್ಕು ಕ್ಲಿಕ್ ಮಾಡಿ "ಅಷ್ಟೇ" ಎನ್ನುತ್ತಾರೆ. ಕೆಲಸ ಆಗುತ್ತದೆ, ಕಲಿಕೆ ಆಗುವುದಿಲ್ಲ. ಕಲಿಯುವವನಿಗೆ ತಾನು ಇನ್ನೂ ದಡ್ಡ ಅನಿಸುತ್ತದೆ.

ಗೆಳೆಯ ಬೈಯಲಿಲ್ಲವಂತೆ. ಅವನು ಹೇಳಿದ್ದು ಇಷ್ಟು: ಎಡಿಟಿಂಗ್ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲಿನ ಒಳಗೆ ವಿಡಿಯೋ ಇರುವುದೇ ಇಲ್ಲ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಫೋಲ್ಡರ್ ಜಾಗ ಬದಲಾದರೆ ಹುಡುಕಲು ಆಗದೆ ಕೆಂಪು ತೋರಿಸುತ್ತದೆ. ಹೊಸ ಜಾಗ ತೋರಿಸಿಕೊಟ್ಟಾಗ ಎಲ್ಲ ವಾಪಸ್ ಬಂತು.

ಒಂದು ನೋಟ್‌ಬುಕ್ ಇಡು, ಕಲಿತದ್ದನ್ನು ನಿನ್ನ ಮಾತಲ್ಲೇ ಬರಿ ಎಂದೆ. ಮುಂದಿನ ಸಲ ತಂದು ತೋರಿಸಿದ. ಮೊದಲ ಪುಟದಲ್ಲಿ, "ಕೆಂಪು ಬಂದ್ರೆ ಹೆದರ್ಬೇಡ. ರೈಟ್ ಕ್ಲಿಕ್. ಲಿಂಕ್ ಮೀಡಿಯಾ. ಫೋಲ್ಡರ್ ತೋರಿಸು." ಅದರ ಕೆಳಗೆ ಇನ್ನೊಂದು ತೊಂದರೆ ಇತ್ತು. ಉದ್ದದ ಶಾಟ್‌ಗಳಲ್ಲಿ ಕೊನೆಗೆ ಬರುವಾಗ ತುಟಿಗೂ ಮಾತಿಗೂ ತಾಳೆ ಇರಲಿಲ್ಲ. ಕಾಲರ್ ಮೈಕಿನ ಮಾತನ್ನು ಬೇರೆ ಫೋನಲ್ಲಿ ರೆಕಾರ್ಡ್ ಮಾಡಿದ್ದರು. ಫೋನ್ ಕ್ಯಾಮೆರಾ ಬೆಳಕು ನೋಡಿಕೊಂಡು ಸೆಕೆಂಡಿಗೆ ಇಷ್ಟು ಫ್ರೇಮ್ (ಬಿಡಿ ಚಿತ್ರ) ಎಂಬ ಲೆಕ್ಕವನ್ನು ಹೆಚ್ಚುಕಡಿಮೆ ಮಾಡುತ್ತಿರುತ್ತದೆ, ಎಡಿಟಿಂಗ್‌ನಲ್ಲಿ ಅದೇ ಜಾರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫ್ರೇಮ್ ಲೆಕ್ಕ ಒಂದೇ ಸಮ ಇರುವ ಹಾಗೆ ಬದಲಿಸಿಕೊಳ್ಳಬೇಕು ಎಂದು ಸೀನಿಯರ್ ಒಬ್ಬಳು ಹೇಳಿಕೊಟ್ಟಳಂತೆ. ಇದನ್ನು ಅವನು ತೊಂದರೆ ಕಂಡ ಅದೇ ದಿನ ಹೋಗಿ ಕೇಳಿದ್ದ. ನನಗೆ ಖುಷಿಯಾದದ್ದು ಆ ‘ಅದೇ ದಿನ’ಕ್ಕೆ.

ಅಮ್ಮನಿಗೆ ಹೇಳಿದ್ದು ಸ್ವಲ್ಪವೇ. "ಆಗದಿದ್ರೆ ಬಿಡು" ಎನ್ನಬೇಡಿ, ಬೇರೆ ಮಕ್ಕಳ ಹೆಸರು ತೆಗೆಯಬೇಡಿ, ಇವತ್ತು ಏನು ಮಾಡಿದೆ ತೋರಿಸು ಎಂದು ಕೇಳಿ. ಅವರು ಬುಟ್ಟಿಯ ದೃಶ್ಯ ನೋಡಿ, "ಹೀಗೆ ಕವುಚಿದ್ರೆ ನೀರು ಇಳಿಯುದಿಲ್ಲ, ಓರೆ ಇಡಬೇಕು" ಎಂದರಂತೆ. ಆ ಶಾಟ್ ಮನೆಯಂಗಳದಲ್ಲೇ ತೆಗೆದದ್ದಾದ್ದರಿಂದ ಅಮ್ಮನ ಕೈಯಲ್ಲೇ ಮಾಡಿಸಿ ಮತ್ತೆ ತೆಗೆದ.

ಇಂಥ ಪ್ರಾಜೆಕ್ಟ್ ಕೊಡುವ ಉಪನ್ಯಾಸಕರಲ್ಲಿ ನನ್ನದೊಂದು ಕೋರಿಕೆ. ಫೋನ್ ಹಿಡಿದು ಬೆಳೆದ ಮಕ್ಕಳಿಗೆ ಕಂಪ್ಯೂಟರ್ ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ. ಫೈಲ್ ಎಲ್ಲಿಡಬೇಕು, ಇನ್ನೊಂದು ಪ್ರತಿ ಹೇಗೆ ಮಾಡಬೇಕು ಎಂಬುದನ್ನು ಶೂಟಿಂಗಿಗೆ ಮೊದಲೇ ಎಲ್ಲರ ಕೈಯಲ್ಲೂ ಒಮ್ಮೆ ಮಾಡಿಸಿ. ಗೊತ್ತಿಲ್ಲದವರು ಕೈ ಎತ್ತಿ ಎಂದರೆ ಯಾರೂ ಎತ್ತುವುದಿಲ್ಲ.

ಚಿತ್ರ ತಡವಾಗಿ ಸಲ್ಲಿಕೆಯಾಯಿತು, ಸ್ವಲ್ಪ ಅಂಕ ಹೋಯಿತು. ತಂಡದ ಒಬ್ಬನಿಗೆ ಇವನ ಮೇಲೆ ಇನ್ನೂ ಮುನಿಸಿದೆ, ಅದು ಸಹಜ. ಊಟ, ನಿದ್ದೆ ಸರಿಯಾಗಿದೆ. ಮುಂದಿನ ಪ್ರಾಜೆಕ್ಟಿನಲ್ಲಿ ಸೌಂಡ್ ಕೆಲಸ ಕೇಳಿ ತೆಗೆದುಕೊಂಡಿದ್ದಾನೆ. ಶುರುವಾಗುವ ಮೊದಲು ಒಮ್ಮೆ ಬಂದು ಹೋಗು ಎಂದಿದ್ದೇನೆ.