ಫಾರಂ ಇರಲಿ, ಹಿಕ್ಕೆ ಒಣಗಲಿ

ಚಿಕ್ಕಬಳ್ಳಾಪುರ ಜಿಲ್ಲೆಯ ಓದುಗರೊಬ್ಬರು ಬರೆಯುತ್ತಾರೆ:

“ನಮ್ಮ ಮನೆಯಿಂದ ಸುಮಾರು 300 ಮೀಟರ್ ದೂರದಲ್ಲಿ ಮೊಟ್ಟೆ ಕೋಳಿ ಫಾರಂ ಇದೆ. 20 ಸಾವಿರ ಕೋಳಿ ಇರಬಹುದು. ಮಳೆ ಶುರುವಾದರೆ ಊಟದ ತಟ್ಟೆ ತುಂಬಾ ನೊಣ. ಮಗುವಿಗೆ ಅನ್ನ ತಿನ್ನಿಸಲು ಸೊಳ್ಳೆ ಪರದೆಯೊಳಗೆ ಕೂರುತ್ತೇನೆ. ಪಂಚಾಯಿತಿಯಲ್ಲಿ ಕೇಳಿದರೆ, ‘ಕೋಳಿ ಸಾಕಣೆ ಅಂದ್ರೆ ಕೃಷಿ, ಅದಕ್ಕೆ ಭೂಪರಿವರ್ತನೆಯೇ ಬೇಡ, ನಾವೇನೂ ಮಾಡಕ್ಕಾಗಲ್ಲ’ ಅಂತಾರೆ. ಫಾರಂ ಇಟ್ಟವರು ನಮ್ಮ ಸಂಬಂಧಿಕರೇ. ಸಾಲ ಮಾಡಿ ಕಟ್ಟಿದ್ದಾರೆ. ಈಗ ಶಾಲೆ ಕಡೆಗೆ ಇನ್ನೊಂದು ಶೆಡ್‌ಗೆ ಪಾಯ ತೆಗೆಯುವ ಮಾತಿದೆ. ನಾನು ಏನು ಮಾಡಲಿ? ದಯವಿಟ್ಟು ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಹೆಸರು ಹಾಕಿಲ್ಲ. ಇಂಥ ಪತ್ರ ಬರೆಯುವವರಿಗೆ ಮೊದಲು ಎದುರಾಗುವ ಮಾತು “ಹಳ್ಳಿ ಅಂದ್ಮೇಲೆ ನೊಣ ಇರಲ್ವಾ?” ಎನ್ನುವುದು. ದನದ ಕೊಟ್ಟಿಗೆಯ ನಾಲ್ಕು ನೊಣವೇ ಬೇರೆ, ಮಗು ಪರದೆಯೊಳಗೆ ಕೂತು ಉಣ್ಣಬೇಕಾದ ಸ್ಥಿತಿಯೇ ಬೇರೆ. ನಿಮ್ಮ ದೂರು ನ್ಯಾಯವಾದದ್ದು. ಅದನ್ನು ಹೇಳಿಕೊಳ್ಳಲು ಸಂಕೋಚಪಡಬೇಡಿ.

ಪಂಚಾಯಿತಿಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕರ್ನಾಟಕ ಭೂಸುಧಾರಣಾ ಕಾಯ್ದೆ, 1961ರಲ್ಲಿ ಕೃಷಿ ಎಂದರೆ ಏನೇನು ಎಂದು ಹೇಳುವ ಕಡೆ ಹೈನುಗಾರಿಕೆಯ ಜೊತೆಗೆ ಕೋಳಿ ಸಾಕಣೆಯೂ ಸೇರಿದೆ. ಹಾಗಾಗಿ ಪಹಣಿಯಲ್ಲಿ ಕೃಷಿ ಜಮೀನು ಎಂದಿರುವ ಕಡೆ ಶೆಡ್ ಹಾಕಲು ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ, ಬೇಕಿಲ್ಲ. ನಮ್ಮ ಹೈಕೋರ್ಟ್ ಕೂಡ ಇದನ್ನೇ ಹೇಳಿದೆ. ಇದು ಸರಿಯಾದ ನಿಲುವು ಎಂದೇ ನನ್ನ ಅಭಿಪ್ರಾಯ. ಎರಡು ಎಕರೆ ಖುಷ್ಕಿ ಇಟ್ಟುಕೊಂಡು, ಬೋರ್‌ವೆಲ್ ಬತ್ತಿ ಹೋಗಿ, ಕೋಳಿಯಿಂದಲೇ ಬದುಕುತ್ತಿರುವ ಮನೆಗಳು ನಿಮ್ಮ ಜಿಲ್ಲೆಯಲ್ಲೂ ಪಕ್ಕದ ಕೋಲಾರದಲ್ಲೂ ಎಷ್ಟೋ ಇವೆ. ಅವರನ್ನು ಭೂಪರಿವರ್ತನೆಗೆಂದು ಕಚೇರಿಯಿಂದ ಕಚೇರಿಗೆ ಅಲೆಸುವುದರಿಂದ ನಿಮ್ಮ ಮನೆಯ ಒಂದು ನೊಣವೂ ಕಡಿಮೆಯಾಗುವುದಿಲ್ಲ.

ಆದರೆ ಆ ಕಾನೂನು ಉತ್ತರಿಸುವುದು ಜಮೀನಿನ ಪ್ರಶ್ನೆಗೆ ಮಾತ್ರ. ಈ ಜಮೀನಿನಲ್ಲಿ ಕೋಳಿ ಸಾಕಬಹುದಾ? ಸಾಕಬಹುದು. ಹೇಗೆ ಸಾಕಬೇಕು, ಹಿಕ್ಕೆ ಏನಾಗಬೇಕು, ಸತ್ತ ಕೋಳಿ ಎಲ್ಲಿಗೆ ಹೋಗಬೇಕು ಎನ್ನುವುದು ನೈರ್ಮಲ್ಯದ ಪ್ರಶ್ನೆ. ಅದಕ್ಕೆ ಬೇರೆ ಕಾನೂನುಗಳಿವೆ. ಕೃಷಿ ಎಂದ ಮಾತ್ರಕ್ಕೆ ಅವುಗಳಿಂದ ಯಾರಿಗೂ ವಿನಾಯಿತಿ ಸಿಗುವುದಿಲ್ಲ. ಊರಿನ ನೈರ್ಮಲ್ಯ ಕಾಯುವುದು ಮತ್ತು ಜನರಿಗೆ ಉಪದ್ರವ ಆಗದಂತೆ ತಡೆಯುವುದು 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗೆ ಕೊಟ್ಟಿರುವ ಕೆಲಸ. “ನಾವೇನೂ ಮಾಡಕ್ಕಾಗಲ್ಲ” ಎನ್ನುವ ಉತ್ತರವನ್ನು ನೀವು ಒಪ್ಪಿಕೊಳ್ಳಬೇಕಾಗಿಲ್ಲ.

ಕಾಗದ ಪತ್ರದ ದಾರಿಗೆ ಆಮೇಲೆ ಬರುತ್ತೇನೆ. ಮೊದಲು ನೊಣ ಎಲ್ಲಿಂದ ಬರುತ್ತಿದೆ ನೋಡೋಣ. ಅದು ಗೊತ್ತಾಗದೆ ಅರ್ಜಿ ಬರೆದರೆ “ಕ್ರಮ ಕೈಗೊಳ್ಳಿ” ಎಂದಷ್ಟೇ ಬರೆಯುತ್ತೀರಿ. ಅವರು ಒಂದು ದಿನ ಬಂದು ಔಷಧಿ ಹೊಡೆಸಿ ಹೋಗುತ್ತಾರೆ. ಹತ್ತು ದಿನಕ್ಕೆ ನೊಣ ಮತ್ತೆ ಹಾಜರ್.

ಮೊಟ್ಟೆ ಕೋಳಿಯೊಂದು ದಿನಕ್ಕೆ ಸುಮಾರು 100 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. 20 ಸಾವಿರ ಕೋಳಿ ಎಂದರೆ ದಿನಕ್ಕೆ ಎರಡು ಟನ್. ಬ್ರಾಯ್ಲರ್ ಶೆಡ್‌ನಲ್ಲಿ ಕೋಳಿಗಳು ಭತ್ತದ ಹೊಟ್ಟಿನ ಮೇಲೆ ಓಡಾಡುತ್ತವೆ, ಬ್ಯಾಚ್ ಮುಗಿದ ಮೇಲೆ ಹೊಟ್ಟು ಖಾಲಿ ಮಾಡುತ್ತಾರೆ. ಮೊಟ್ಟೆ ಕೋಳಿ ಇರುವುದು ಪಂಜರದಲ್ಲಿ. ಹಿಕ್ಕೆ ಕೆಳಗೆ ಬಿದ್ದು ತಿಂಗಳುಗಟ್ಟಲೆ ಗುಡ್ಡೆಯಾಗುತ್ತದೆ. ಆಗಷ್ಟೇ ಬಿದ್ದ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಮನೆ ನೊಣಕ್ಕೆ ಬೇಕಾಗಿರುವುದು ಈ ತೇವ. ಒಂದು ಹೆಣ್ಣು ನೊಣ ತನ್ನ ಆಯಸ್ಸಿನಲ್ಲಿ ನಾನೂರು ಐನೂರು ಮೊಟ್ಟೆ ಇಡಬಲ್ಲದು. ಬೆಚ್ಚಗಿದ್ದರೆ ಮೊಟ್ಟೆಯಿಂದ ಹಾರುವ ನೊಣ ಆಗಲು 7ರಿಂದ 10 ದಿನ ಸಾಕು. ಅದೇ ಹಿಕ್ಕೆ ಒಣಗಿ ತೇವ ಶೇ 30ಕ್ಕಿಂತ ಕೆಳಗಿಳಿದರೆ ಹುಳು ಬದುಕುವುದು ಕಷ್ಟ. ಒಂದು ವಾರದೊಳಗೆ ಒಣಗಿಸಿದರೆ ನೊಣದ ಸಂತತಿ ಅಲ್ಲೇ ತುಂಡಾಗುತ್ತದೆ.

ಹಾಗಾದರೆ ಒದ್ದೆ ಯಾಕಾಗುತ್ತದೆ? ಫಾರಂಗಳಲ್ಲಿ ನೋಡಿದರೆ ಕಾರಣಗಳು ತೀರಾ ಸಾಮಾನ್ಯ. ನೀರು ಕುಡಿಸುವ ನಿಪ್ಪಲ್ ಸೋರುತ್ತಿರುತ್ತದೆ. ಚಾವಣಿ ಗಿಡ್ಡವಾಗಿ, ಎರಚಲು ಒಳಗೆ ಬರುತ್ತದೆ. ಶೆಡ್‌ನ ನೆಲ ಹೊರಗಿನ ನೆಲದ ಮಟ್ಟಕ್ಕೇ ಇದ್ದು, ಸುತ್ತ ಚರಂಡಿ ಇಲ್ಲದೆ ಮಳೆ ನೀರು ನುಗ್ಗುತ್ತದೆ. ಗಾಳಿ ಆಡುವ ಬದಿಗೆ ಚೀಲ, ಗೋಣಿ ಪೇರಿಸಿರುತ್ತಾರೆ. ಇವನ್ನು ಸರಿ ಮಾಡಲು ಆಗುವ ಖರ್ಚು ಒಂದು ಬ್ಯಾಚ್‌ನ ನಷ್ಟದ ಮುಂದೆ ತೀರಾ ಚಿಕ್ಕದು.

ನಾತದ ಮೂಲವೂ ಇದೇ ಒದ್ದೆ. ಹಿಕ್ಕೆಯ ಯೂರಿಕ್ ಆಮ್ಲ ತೇವದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ನಿಮ್ಮ ಕಣ್ಣು ಉರಿಸುವ ಅದೇ ಗಾಳಿ ಶೆಡ್‌ನೊಳಗಿನ ಕೋಳಿಯ ಶ್ವಾಸಕೋಶವನ್ನೂ ಕೆಡಿಸಿ ಮೊಟ್ಟೆ ಕಡಿಮೆ ಮಾಡುತ್ತದೆ. ನಿಮ್ಮ ಸಂಬಂಧಿಕರ ಹತ್ತಿರ ಮಾತಾಡುವಾಗ ಇದನ್ನೇ ಮೊದಲು ಹೇಳಿ. ಎಷ್ಟೋ ಜನ ಒದ್ದೆ ಗುಡ್ಡೆಯ ಮೇಲೆ ಸುಣ್ಣ ಚೆಲ್ಲಿ ನಿಶ್ಚಿಂತೆಯಾಗಿಬಿಡುತ್ತಾರೆ. ಒದ್ದೆ ಹಿಕ್ಕೆಗೆ ಸುಣ್ಣ ಬಿದ್ದರೆ ಅಮೋನಿಯಾ ಇನ್ನೂ ಜಾಸ್ತಿ ಏಳುತ್ತದೆ. ಗುಡ್ಡೆಯ ಮೇಲೆ ಕೀಟನಾಶಕ ಹೊಡೆಯುವುದೂ ಅಷ್ಟೇ ತಪ್ಪು. ಒಣ ಹಿಕ್ಕೆಯಲ್ಲಿ ನೊಣದ ಮೊಟ್ಟೆ, ಹುಳು ತಿನ್ನುವ ಸಣ್ಣ ಜೀರುಂಡೆ, ನುಸಿಗಳು ಇರುತ್ತವೆ. ಔಷಧಿಗೆ ಮೊದಲು ಸಾಯುವುದು ಅವು. ನೊಣ ಕೆಲವು ತಲೆಮಾರಿನಲ್ಲಿ ಔಷಧಿಗೆ ಒಗ್ಗಿಕೊಳ್ಳುತ್ತದೆ. ಹೊಡೆಯಲೇಬೇಕೆಂದರೆ ನೊಣ ಕೂರುವ ಗೋಡೆ, ಕಂಬಗಳಿಗೆ ಹೊಡೆಯಲಿ. ಗುಡ್ಡೆಯನ್ನು ಮಳೆಗಾಲದ ನಡುವೆ ಪೂರ್ತಿ ಬಳಿದು ಹಾಕುವುದೂ ಬೇಡ. ಆಗ ಬರಿ ನೆಲದ ಮೇಲೆ ಹೊಸ ಹಸಿ ಹಿಕ್ಕೆ ಬಿದ್ದು ನೊಣ ಇನ್ನೂ ಹೆಚ್ಚುತ್ತದೆ. ಒಣಹವೆಯಲ್ಲಿ ತೆಗೆಯಲಿ. ತೆಗೆಯುವಾಗ ತಳದಲ್ಲಿ ಒಂದಷ್ಟು ಒಣ ಪದರ ಬಿಡಲಿ.

ಇನ್ನೊಂದು ವಿಷಯ ಇಡೀ ಊರಿಗೆ ಸಂಬಂಧಿಸಿದ್ದು. ಶೆಡ್‌ನಿಂದ ಹೊರಟ ಗೊಬ್ಬರ ಎಲ್ಲಿಗೆ ಹೋಗುತ್ತದೆ? ಟೊಮೆಟೊ ಹೊಲಕ್ಕೆ, ದ್ರಾಕ್ಷಿ ತೋಟಕ್ಕೆ. ಲೋಡ್ ತರಿಸಿ ಬದುವಿನ ಮೇಲೆ ಸುರಿದು ಮೂರು ವಾರ ಹಾಗೇ ಬಿಡುವ ರೈತರಿದ್ದಾರೆ. ಅದರ ಮೇಲೆ ಮಳೆ ಬಿದ್ದರೆ ಅಲ್ಲೊಂದು ಹೊಸ ನೊಣದ ಫಾರಂ ಶುರುವಾಯಿತು ಅಂತಲೇ ಲೆಕ್ಕ. ತಂದ ದಿನವೇ ಟಾರ್ಪಾಲು ಮುಚ್ಚಬೇಕು, ಇಲ್ಲವೇ ಮಣ್ಣಿಗೆ ಸೇರಿಸಿ ಉಳಬೇಕು. ಸರಿಯಾಗಿ ಕಾಂಪೋಸ್ಟ್ ಮಾಡಿದರೆ ಗುಡ್ಡೆಯ ಒಳಗಿನ ಶಾಖ 55 ಡಿಗ್ರಿ ದಾಟುತ್ತದೆ, ಹುಳು ಉಳಿಯುವುದಿಲ್ಲ. ನಿಮ್ಮ ಮನೆಗೆ ಬರುವ ನೊಣದಲ್ಲಿ ಒಂದು ಪಾಲು ಈ ಹೊಲಗಳದ್ದೂ ಇರಬಹುದು. ದೂರು ಕೊಡುವ ಮುನ್ನ ಒಮ್ಮೆ ಸುತ್ತಾಡಿ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಕಾನೂನಿಗೆ ಬರೋಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೊದಲು ಒಂದು ಲಕ್ಷಕ್ಕಿಂತ ಹೆಚ್ಚು ಕೋಳಿ ಇರುವ ಫಾರಂಗಳ ಮೇಲಷ್ಟೇ ಕಣ್ಣಿಟ್ಟಿತ್ತು. 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಒಪ್ಪಲಿಲ್ಲ. 5 ಸಾವಿರಕ್ಕಿಂತ ಹೆಚ್ಚು ಕೋಳಿ ಇದ್ದರೂ ಪರಿಸರದ ಹೊಣೆ ಇದೆ ಎಂದಿತು. ಅದರ ಫಲವಾಗಿ ಮಂಡಳಿ 2021ರಲ್ಲಿ ಹೊಸ ಮಾರ್ಗಸೂಚಿ ತಂದಿತು. ಅದು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಹೊಸ ಫಾರಂ ವಾಸದ ಪ್ರದೇಶದಿಂದ 500 ಮೀಟರ್ ದೂರ ಇರಬೇಕು. ನದಿ, ಕೆರೆ, ಕಾಲುವೆ ಮತ್ತು ಕುಡಿಯುವ ನೀರಿನ ಬಾವಿಗಳಿಂದ 100 ಮೀಟರ್ ದೂರ ಇರಬೇಕು. ಹಿಕ್ಕೆ, ಸತ್ತ ಕೋಳಿ, ನಾತ, ನೊಣ ಎಲ್ಲದರ ಬಗ್ಗೆಯೂ ಅದರಲ್ಲಿ ಹೇಳಿದೆ. ನಿಮ್ಮ ಊರಿನ ಫಾರಂ 5 ಸಾವಿರದ ಗೆರೆ ದಾಟಿದೆ. ಈಗಿರುವ ಶೆಡ್‌ಗೆ ಅಂತರದ ಮಾತು ಎತ್ತಿದರೆ ವಾದ ಬೆಳೆಯುತ್ತದೆ, ನೊಣ ಉಳಿಯುತ್ತದೆ. ನೊಣ ಒಂದೆರಡು ಕಿಲೋಮೀಟರ್ ಸುಲಭವಾಗಿ ಹಾರುವ ಪ್ರಾಣಿ, ಅಂತರ ಒಂದರಿಂದಲೇ ಅದು ನಿಲ್ಲುವುದೂ ಇಲ್ಲ. ಅದಕ್ಕೇ ಹಳೆಯ ಶೆಡ್‌ನಲ್ಲಿ ನೀವು ಹಿಡಿಯಬೇಕಾದ್ದು ಹಿಕ್ಕೆಯ ನಿರ್ವಹಣೆಯನ್ನು.

ಅರ್ಜಿ ಹೀಗೆ ಬರೆಯಿರಿ. ಯಾವ ತಿಂಗಳಲ್ಲಿ ನೊಣ ಹೆಚ್ಚು, ಯಾವ ಕಡೆ ನೀರು ನಿಲ್ಲುತ್ತದೆ, ಸತ್ತ ಕೋಳಿ ಎಲ್ಲಿ ಬಿಸಾಡುತ್ತಾರೆ ಎಂದು ಸ್ಪಷ್ಟವಾಗಿ ಹೇಳಿ. ಕೇಳಬೇಕಾದ್ದನ್ನೂ ಸ್ಪಷ್ಟವಾಗಿ ಕೇಳಿ: ನಿಪ್ಪಲ್ ದುರಸ್ತಿ, ಚಾವಣಿ ಮುಂದಕ್ಕೆ ಚಾಚುವುದು, ಸುತ್ತ ಚರಂಡಿ, ಸತ್ತ ಕೋಳಿಗೆ ಮುಚ್ಚಳ ಇರುವ ಗುಂಡಿ, ಗೊಬ್ಬರ ಸಾಗಿಸುವಾಗ ಟಾರ್ಪಾಲು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಶುವೈದ್ಯಾಧಿಕಾರಿ, ಆರೋಗ್ಯ ಇಲಾಖೆಯವರು ಜೊತೆಯಾಗಿ ಬಂದು ನೋಡಿ ಮಹಜರು ಬರೆಯಲಿ ಎಂದು ಕೇಳಿ. ಒಂದು ಪ್ರತಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಲಿ. ಈ ಫಾರಂಗೆ ಮಂಡಳಿಯ ಸಮ್ಮತಿ ಪತ್ರ ಬೇಕೇ, ಬೇಕಿದ್ದರೆ ಪಡೆದಿದ್ದಾರೆಯೇ ಎಂದು ಅದರಲ್ಲೇ ಕೇಳಿ. ಬಾವಿ, ಬೋರ್‌ವೆಲ್ ಹತ್ತಿರ ಇದ್ದರೆ ನೀರಿನ ನೈಟ್ರೇಟ್ ಪರೀಕ್ಷೆ ಮಾಡಿಸಿ. ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಆ ನೀರನ್ನು ಮಕ್ಕಳಿಗೆ ಕುಡಿಸಬೇಡಿ.

ಇಷ್ಟಾದರೂ ಯಾರೂ ಅಲ್ಲಾಡದಿದ್ದರೆ ಉಪವಿಭಾಗ ದಂಡಾಧಿಕಾರಿಯೂ ಆಗಿರುವ ಉಪವಿಭಾಗಾಧಿಕಾರಿಯ ಬಳಿ ಹೋಗಿ. ಸಾರ್ವಜನಿಕ ಉಪದ್ರವ ನಿವಾರಿಸುವಂತೆ ಆದೇಶ ಮಾಡುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಲ್ಲಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 133ನೇ ಕಲಂ ಆಗಿತ್ತು. ಮಧ್ಯಪ್ರದೇಶದ ರತ್ಲಾಮ್‌ನ ಜನ ಚರಂಡಿ ನಾತ ತಾಳಲಾರದೆ ಈ ಕಲಂ ಹಿಡಿದೇ ಹೋರಾಡಿದರು. ಪುರಸಭೆ ದುಡ್ಡಿಲ್ಲ ಎಂದಿತು. 1980ರಲ್ಲಿ ಸುಪ್ರೀಂ ಕೋರ್ಟ್ ಆ ನೆಪವನ್ನು ಒಪ್ಪಲಿಲ್ಲ. ನಿಮ್ಮ ಪಂಚಾಯಿತಿಗೆ ಈ ಪ್ರಕರಣ ನೆನಪಿಸಿದರೆ ತಪ್ಪೇನಿಲ್ಲ.

ಅಧಿಕಾರಿಗಳಿಗಿಂತ ಮೊದಲು ಸಂಬಂಧಿಕರ ಹತ್ತಿರವೇ ಮಾತಾಡಿ ಎನ್ನುತ್ತೇನೆ. ಒಬ್ಬರೇ ಹೋಗಬೇಡಿ, ಹತ್ತು ಮನೆಯವರು ಸೇರಿ ಗದ್ದಲ ಮಾಡುವುದೂ ಬೇಡ. ಇಬ್ಬರು ಹಿರಿಯರ ಜೊತೆ ಹೋಗಿ. 2025ರಲ್ಲಿ ನಿಮ್ಮದೇ ಜಿಲ್ಲೆಯ ವರದಹಳ್ಳಿಯಲ್ಲಿ ಹಕ್ಕಿಜ್ವರ ಬಂದದ್ದು ಅವರಿಗೂ ನೆನಪಿರುತ್ತದೆ. ಹಕ್ಕಿಜ್ವರ ದೃಢಪಟ್ಟರೆ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲಬೇಕಾಗುತ್ತದೆ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಸತ್ತ ಕೋಳಿಯನ್ನು ನಾಯಿ ಎಳೆದಾಡುವ ಫಾರಂಗೆ ರೋಗದ ಅಪಾಯ ಹೆಚ್ಚು. ಸಾಲ ಕಟ್ಟಬೇಕಾದವರಿಗೆ ಈ ಮಾತು ಬೇಗ ತಾಗುತ್ತದೆ.

ಕೊನೆಯದು ಶಾಲೆ ಕಡೆಯ ಹೊಸ ಶೆಡ್. ಅವಸರ ಮಾಡಬೇಕಾದ್ದು ಇಲ್ಲಿ. ಹಳೆಯ ಶೆಡ್‌ನಲ್ಲಿ ನೀವು ಸುಧಾರಣೆ ಕೇಳುತ್ತಿದ್ದೀರಿ. ಹೊಸದರಲ್ಲಿ ಜಾಗವನ್ನೇ ಪ್ರಶ್ನಿಸಬಹುದು, ಪ್ರಶ್ನಿಸಲೇಬೇಕು. ಬಿಸಿಯೂಟ ಬೇಯುವ ಜಾಗದ ಪಕ್ಕ ಟನ್‌ಗಟ್ಟಲೆ ಹಸಿ ಹಿಕ್ಕೆ ಬೀಳುವುದನ್ನು ನಾನಂತೂ ಯಾವ ಕಾರಣಕ್ಕೂ ಒಪ್ಪಲಾರೆ. ಪಾಯ ಬಿದ್ದು, ಚಾವಣಿ ಏರಿ, ಬ್ಯಾಂಕಿನ ಕಂತು ಶುರುವಾದ ಮೇಲೆ ಎಲ್ಲರಿಗೂ ಕರುಣೆ ಬರುತ್ತದೆ, ಆಗ ಏನೂ ಆಗುವುದಿಲ್ಲ. ಕಟ್ಟಡಕ್ಕೆ ಅನುಮತಿ ಕೇಳಿದ್ದಾರೆಯೇ ಎಂದು ಈ ವಾರವೇ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 500 ಮೀಟರ್ ಅಂತರದ ಮಾರ್ಗಸೂಚಿಯನ್ನು ಉಲ್ಲೇಖಿಸಿ ಪಂಚಾಯಿತಿಗೆ ಆಕ್ಷೇಪಣೆ ಕೊಡಿ. ಶಾಲಾಭಿವೃದ್ಧಿ ಸಮಿತಿಯಿಂದ ಇನ್ನೊಂದು ಆಕ್ಷೇಪಣೆ ಹೋಗಲಿ. ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಈ ವಿಷಯ ದಾಖಲಾಗುವಂತೆ ನೋಡಿಕೊಳ್ಳಿ. ಊರಿನಿಂದ ದೂರದಲ್ಲಿ ಅವರಿಗೆ ಬೇರೆ ಜಮೀನಿದ್ದರೆ ಅಲ್ಲಿ ಕಟ್ಟಲು ನೀವೇ ಬೆಂಬಲ ಕೊಡಿ. ಪಂಚಾಯಿತಿ ಕೊಡುವ ಹಿಂಬರಹದ (ಲಿಖಿತ ಉತ್ತರದ) ಪ್ರತಿಯನ್ನು ನಮಗೂ ಕಳಿಸಿ.