ಐದೂಕಾಲರ ಬಸ್ಸಿಗೆ ಮುಂಚೆ

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಿನಿಂದ ಒಂದು ತಾಲೂಕು ಊರಿಗೆ ವರ್ಗವಾಗಿದೆ, ಮಗಳನ್ನು ಅಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ಸೇರಿಸಬೇಕು. ಅಲ್ಲಿ ಫೆಸ್ಟ್, ಕ್ಲಬ್ ಅಂತೆಲ್ಲ ಏನೂ ಇರುವುದಿಲ್ಲವಂತೆ, ಅವಳು ಮಂಕಾಗಿಬಿಡುತ್ತಾಳೇನೋ, ಸ್ನೇಹಿತೆಯರು ಸಿಗುತ್ತಾರೋ ಇಲ್ಲವೋ ಎಂದು ಕೇಳಿದ್ದೀರಿ. ನಾನು ಅಂಥದ್ದೇ ಒಂದು ಊರಿನ ಹೈಸ್ಕೂಲಿನಲ್ಲಿ ಹದಿನೇಳು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಕಂಡದ್ದನ್ನು ಹೇಳುತ್ತೇನೆ.

ಮೊದಲು ಒಂದು ಸಮಾಧಾನದ ಮಾತು. ಎಂಟನೇ ತರಗತಿಗೆ ಸೇರಿಸುತ್ತಿದ್ದೀರಲ್ಲ, ಅದು ಒಳ್ಳೆಯ ಹೊತ್ತು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಹೆಚ್ಚಿನ ಕಡೆ ಏಳಕ್ಕೆ ಮುಗಿಯುತ್ತವೆ. ಸುತ್ತಲಿನ ಎಂಟು ಹತ್ತು ಹಳ್ಳಿಗಳ ಮಕ್ಕಳು ಎಂಟನೆಯದಕ್ಕೆ ಊರಿನ ಹೈಸ್ಕೂಲಿಗೆ ಬರುತ್ತಾರೆ. ಜೂನ್ ತಿಂಗಳ ಮೊದಲ ವಾರ ನಮ್ಮ ಎಂಟನೇ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಪಕ್ಕದಲ್ಲಿ ಕೂತವರ ಹೆಸರೇ ಗೊತ್ತಿರುವುದಿಲ್ಲ. ನಿಮ್ಮ ಮಗಳೊಬ್ಬಳೇ ಹೊಸಬಳಲ್ಲ.

ಇನ್ನು ಸಂಭ್ರಮದ ವಿಷಯ. ಇಲ್ಲಿ ವರ್ಷಪೂರ್ತಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಆದರೆ ಕಾರ್ಯಕ್ರಮದ ದಿನಕ್ಕಿಂತ ಅದರ ಹಿಂದಿನ ಮೂರು ವಾರವೇ ಮುಖ್ಯ. ಇಲ್ಲಿ ಯಾವುದನ್ನೂ ದುಡ್ಡು ಕೊಟ್ಟು ಮಾಡಿಸುವುದಿಲ್ಲ. ತೋರಣ ಕಟ್ಟುವವರು, ಬೆಂಚು ಹೊರುವವರು, ನಿರೂಪಣೆ ಮಾಡುವವರು ಎಲ್ಲ ಮಕ್ಕಳೇ. ನಮ್ಮ ಶಾಲೆಯಲ್ಲಿ ಸ್ನೇಹ ಹುಟ್ಟುವುದು ಹೆಚ್ಚಾಗಿ ಆ ಕೆಲಸದ ನಡುವೆ.

ಶಾಲೆ ಶುರುವಾಗಿ ತಿಂಗಳೊಪ್ಪತ್ತಿನಲ್ಲಿ ಶಾಲಾ ಸಂಸತ್ತಿನ ಚುನಾವಣೆ. ನಾಮಪತ್ರ, ಪ್ರಚಾರ, ಗುಪ್ತ ಮತದಾನ, ಬೆರಳಿಗೆ ಶಾಯಿ ಎಲ್ಲ ಉಂಟು. ಅದು ಮುಗಿಯುವಷ್ಟರಲ್ಲಿ ಸ್ವಾತಂತ್ರ್ಯೋತ್ಸವದ ತಾಲೀಮು ಬರುತ್ತದೆ. ತಾಲೂಕು ಕೇಂದ್ರವಾದ್ದರಿಂದ ತಹಸೀಲ್ದಾರರು ಧ್ವಜ ಹಾರಿಸುವ ಮೈದಾನದಲ್ಲಿ ಊರಿನ ಶಾಲೆಗಳೆಲ್ಲ ಸೇರಿ ಪಥಸಂಚಲನ, ಸಾಮೂಹಿಕ ಕವಾಯತು. ಆಗಸ್ಟ್ ಮಳೆಯಲ್ಲಿ ಕೆಸರು ತುಳಿದುಕೊಂಡು ಹದಿನೈದು ದಿನ ಅಭ್ಯಾಸ ಮಾಡಿದ ಮಕ್ಕಳು ಆಮೇಲೆ ಹೊಸಬರಾಗಿ ಉಳಿಯುವುದಿಲ್ಲ.

ಅದರ ಹಿಂದೆಯೇ ಹೋಬಳಿ ಸ್ಪೋರ್ಟ್ಸ್. ಖೋಖೋ, ಕಬಡ್ಡಿ, ಥ್ರೋಬಾಲ್, ರಿಲೇ. ಹೋಬಳಿಯಲ್ಲಿ ಗೆದ್ದವರು ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ. ಆಡದ ಮಕ್ಕಳಿಗೂ ಅಲ್ಲಿ ಕೆಲಸವಿದೆ: ನೀರಿನ ಕ್ಯಾನ್ ಹಿಡಿದು ನಿಲ್ಲುವುದು, ಚಪ್ಪಲಿ ಕಾಯುವುದು, ಗಂಟಲು ಕಟ್ಟುವ ತನಕ ಕೂಗುವುದು. ಪಿ.ಇ. ಮೇಷ್ಟ್ರು ಪಟ್ಟಿಯಲ್ಲಿ ಹೆಸರು ಬರೆದುಕೊಂಡರೆ ಸಾಕು, ಮನೆಯಲ್ಲಿ ಕೆಲಸ ಇದೆ ಅನ್ನುತ್ತಿದ್ದ ಹುಡುಗಿಯರೂ ಅವತ್ತು ತಪ್ಪಿಸಿಕೊಳ್ಳುವುದಿಲ್ಲ.

ಪ್ರತಿಭಾ ಕಾರಂಜಿಯ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಇದು ಶಿಕ್ಷಣ ಇಲಾಖೆಯೇ ನಡೆಸುವ ಸ್ಪರ್ಧೆ, ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಹಂತದಿಂದ ರಾಜ್ಯದ ತನಕ ಹೋಗುತ್ತದೆ. ಕಂಠಪಾಠ, ಭಾವಗೀತೆ, ಜನಪದ ಗೀತೆ, ಆಶುಭಾಷಣ, ರಂಗೋಲಿ, ಮಿಮಿಕ್ರಿ, ಗಝಲ್, ಕವ್ವಾಲಿ, ಜನಪದ ನೃತ್ಯ ಹೀಗೆ ಪಟ್ಟಿ ಉದ್ದವಿದೆ. ನಾನು ಯಾವಾಗಲೂ ಕೋಲಾಟಕ್ಕೆ ಮಕ್ಕಳನ್ನು ಸೇರಿಸುತ್ತೇನೆ. ಸಿನಿಮಾ ಹಾಡಿನ ಡ್ಯಾನ್ಸಿನಲ್ಲಿ ಮುಂದಿನ ಸಾಲು, ಹಿಂದಿನ ಸಾಲು ಅಂತ ಇರುತ್ತದೆ, ಮುಂದೆ ನಿಲ್ಲುವವರು ಪ್ರತಿವರ್ಷ ಅವರೇ. ಕೋಲಾಟದಲ್ಲಿ ಮುಂದೆ ಹಿಂದೆ ಇಲ್ಲ, ಸುತ್ತು ತಿರುಗಿದ ಹಾಗೆ ಎಲ್ಲರ ಕೋಲೂ ಎಲ್ಲರ ಕೋಲಿಗೆ ತಾಗಬೇಕು. ಊರಿನ ಅಂಗಡಿಯವರ ಮಗಳು, ಹಟ್ಟಿಯಿಂದ ಬರುವ ಹುಡುಗಿ, ಇಬ್ಬರಲ್ಲಿ ಒಬ್ಬಳು ತಾಳ ತಪ್ಪಿದರೆ ಇನ್ನೊಬ್ಬಳ ಬೆರಳಿಗೆ ಪೆಟ್ಟು. ಮೊದಲ ವಾರ ಬೈದುಕೊಳ್ಳುತ್ತಾರೆ. ಎರಡನೇ ವಾರ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಊದುತ್ತಿರುತ್ತಾರೆ. ಜಾತಿ, ಕೇರಿ ಅಂತ ಮನೆಯಲ್ಲಿ ಕೇಳಿಸಿಕೊಂಡು ಬಂದದ್ದನ್ನು ಪಾಠ ಹೇಳಿ ಬಿಡಿಸುವುದು ಕಷ್ಟ. ಕೋಲಾಟದಲ್ಲಿ ಅದು ಸಡಿಲವಾಗುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಇಲ್ಲೇ ಬಸ್ಸಿನ ವಿಷಯ ಬರುತ್ತದೆ, ಇದನ್ನು ನೀವು ಮನಸ್ಸಿನಲ್ಲಿಡಬೇಕು. ನಮ್ಮ ಶಾಲೆಯ ಗಡಿಯಾರ ಎಂದರೆ ಹಳ್ಳಿಗಳ ಕಡೆ ಹೋಗುವ ಐದೂಕಾಲರ ಬಸ್ಸು. ಅದು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಯವರಿಗೆ ಸರ್ಕಾರದ ಸೈಕಲ್ ಸಿಗುತ್ತಿತ್ತು. ಹತ್ತಿರದ ಹಳ್ಳಿಯ ಹುಡುಗಿಯರು ಗುಂಪಾಗಿ ಸೈಕಲ್ ತುಳಿದುಕೊಂಡು ಹೋಗುವರು, ಅರ್ಧ ಗಂಟೆ ಹೆಚ್ಚು ನಿಲ್ಲುವ ಧೈರ್ಯ ಅವರಿಗಿತ್ತು. ದೂರದವರಿಗೆ ಆಗಲೂ ಈಗಲೂ ಬಸ್ಸೇ ಗತಿ.

ಒಂದು ವರ್ಷ ನಮ್ಮ ವಾರ್ಷಿಕೋತ್ಸವವನ್ನು ಸಂಜೆಗೆ ಇಟ್ಟುಕೊಂಡಿದ್ದೆವು. ಲೈಟು, ಶಾಮಿಯಾನ, ಮೈಕ್ ಸೆಟ್ಟು ಎಲ್ಲ ಚೆನ್ನಾಗಿಯೇ ಇತ್ತು. ಮೂರಕ್ಕೆ ಬರಬೇಕಿದ್ದ ಮುಖ್ಯ ಅತಿಥಿಗಳು ಬಂದದ್ದು ಐದು ಹೊಡೆದ ಮೇಲೆ. ಅವರು ಬಾರದೆ ಶುರು ಮಾಡಬಾರದು ಎಂದು ನಾವು ದೊಡ್ಡವರು ಕೂತೇ ಇದ್ದೆವು. ಕೋಲಾಟದ ಹದಿನಾರು ಹುಡುಗಿಯರು ಮಧ್ಯಾಹ್ನದಿಂದ ಸೀರೆ ಉಟ್ಟು, ಹೂ ಮುಡಿದು, ಕೈಯಲ್ಲಿ ಕೋಲು ಹಿಡಿದು ಒಂಬತ್ತನೇ ತರಗತಿಯ ಕೋಣೆಯಲ್ಲಿ ಕಾಯುತ್ತಿದ್ದರು. ಬಸ್ಸಿನ ಹಾರ್ನ್ ಕೇಳಿಸಿತು. ಒಂಬತ್ತು ಜನ ಎದ್ದರು. ಸೀರೆ ಬಿಚ್ಚಲೂ ಪುರುಸೊತ್ತಿಲ್ಲ, ನೆರಿಗೆ ಎತ್ತಿ ಹಿಡಿದು, ಸ್ಕೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಮುಖದ ಬಣ್ಣದ ಸಮೇತ ಗೇಟಿನ ಕಡೆ ಓಡಿದರು. ಒಬ್ಬಳು ತಿರುಗಿ ಬಂದು ತನ್ನ ಎರಡು ಕೋಲನ್ನು ನನ್ನ ಮೇಜಿನ ಮೇಲಿಟ್ಟು, "ಇದು ಶಾಲೆದು ಮಿಸ್" ಎಂದು ಹೇಳಿ ಹೋದಳು. ಉಳಿದ ಏಳು ಜನರಿಂದ ಕೋಲಾಟ ಆಗಲಿಲ್ಲ. ಅವತ್ತಿನ ಸಂಕಟ ನನ್ನಲ್ಲಿ ಇನ್ನೂ ಇದೆ. ತಿಂಗಳಿಡೀ ದುಡಿದ ಮಕ್ಕಳ ಹಬ್ಬವನ್ನು ನಾವು ದೊಡ್ಡವರು ಕಿತ್ತುಕೊಂಡೆವು.

ಮಾರನೇ ವರ್ಷದಿಂದ ನಮ್ಮಲ್ಲಿ ವಾರ್ಷಿಕೋತ್ಸವ ಬೆಳಗ್ಗೆ ಹತ್ತಕ್ಕೆ ಶುರು. ಮೊದಲು ಮಕ್ಕಳ ಕಾರ್ಯಕ್ರಮ, ಭಾಷಣ ಊಟದ ಹೊತ್ತಿಗೆ. ಯಾರು ಬರಲಿ, ಬಿಡಲಿ, ಹತ್ತು ಗಂಟೆಗೆ ಪ್ರಾರ್ಥನೆ. ಇದನ್ನು ಒಪ್ಪಿಸಲು ಸ್ಟಾಫ್ ಮೀಟಿಂಗಿನಲ್ಲಿ, ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಜಗಳವನ್ನೇ ಆಡಬೇಕಾಯಿತು, ಆಡಿದೆವು. ಪ್ರಾಕ್ಟೀಸ್ ಹೊತ್ತನ್ನು ಮಕ್ಕಳೇ ಬದಲಿಸಿದರು. ಬೆಳಗ್ಗೆ ಎಂಟೂವರೆ ಬಸ್ಸಿಗೆ ಹಳ್ಳಿಯವರು ಬಂದುಬಿಡುತ್ತಾರೆ, ಊರಿನವರು ಅದೇ ಹೊತ್ತಿಗೆ ಬಂದು ಸೇರಿಕೊಳ್ಳಲಿ ಎಂದು ತೀರ್ಮಾನ ಮಾಡಿದವರು ಊರಿನ ಹುಡುಗಿಯರೇ. ಇನ್ನೊಂದು ಬದಲಾವಣೆಯೂ ಕಾಣಿಸುತ್ತಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ ಎಂದಾದ ಮೇಲೆ ಹಳ್ಳಿಗಳ ತಾಯಂದಿರು, ಅಜ್ಜಿಯರು ನಮ್ಮ ವಾರ್ಷಿಕೋತ್ಸವ ನೋಡಲು ಬರುತ್ತಿದ್ದಾರೆ. ಮೊದಲು ಮುಂದಿನ ಸಾಲಿನಲ್ಲಿ ಊರಿನ ಗಣ್ಯರೇ ಇರುತ್ತಿದ್ದರು.

ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಶಿಕ್ಷಕರ ದಿನದಂದು ಹತ್ತನೆಯವರು ಮೇಷ್ಟ್ರಾಗಿ ಎಂಟನೆಯವರಿಗೆ ಪಾಠ ಮಾಡುವುದು, ಇವೆಲ್ಲ ಎಲ್ಲ ಶಾಲೆಯಲ್ಲೂ ಇರುವಂಥವೇ. ಡಿಸೆಂಬರಿನಲ್ಲಿ ಪ್ರವಾಸ. ಬೇಲೂರು, ಹಳೇಬೀಡು, ಚಿತ್ರದುರ್ಗದ ಕೋಟೆ, ಒಮ್ಮೊಮ್ಮೆ ಹಂಪಿ. ಬಸ್ಸಿನಲ್ಲಿ ಅಂತ್ಯಾಕ್ಷರಿ ಹಾಡಿಯೇ ಗಂಟಲು ಹೋಗಿರುತ್ತದೆ. ಪ್ರವಾಸಕ್ಕೆ ದುಡ್ಡು ಕಟ್ಟಲಾಗದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ನಿಮಗೆ ಅನುಕೂಲವಿದ್ದರೆ ಯಾರಿಗೂ ಹೇಳದೆ ಎಚ್.ಎಂ. ಕೈಯಲ್ಲಿ ಒಂದು ಮಗುವಿನ ಪ್ರವಾಸದ ದುಡ್ಡು ಕೊಡಿ. ನಿಮ್ಮ ಮಗಳಿಗೂ ತಿಳಿಸಬೇಡಿ.

ಬರ್ತ್‌ಡೇ ಬಗ್ಗೆ ಒಂದು ಮಾತು. ಹುಟ್ಟುಹಬ್ಬದ ದಿನ ಕಲರ್ ಡ್ರೆಸ್ ಹಾಕಿಕೊಂಡು ಬಂದು ತರಗತಿಗೆಲ್ಲ ಚಾಕೊಲೇಟ್ ಹಂಚುವುದು ನಮ್ಮಲ್ಲೂ ಉಂಟು. ದೊಡ್ಡ ಕೇಕು, ಗಿಫ್ಟು ಅಂತ ಶಾಲೆಗೆ ತರಬೇಡಿ. ಒಂದು ರೂಪಾಯಿಯ ಚಾಕೊಲೇಟ್ ಎಲ್ಲರಿಗೂ ಸಾಕು, ಅದನ್ನು ಎಲ್ಲ ಮನೆಯವರೂ ಕೊಡಬಲ್ಲರು.

ಫೆಬ್ರವರಿ ಬಂದರೆ ಶಾಲೆಯ ಗಾಳಿಯೇ ಬೇರೆ. ಹತ್ತನೆಯವರಿಗೆ ಎಸ್ಸೆಸ್ಸೆಲ್ಸಿ ಹತ್ತಿರ ಬಂದಿರುತ್ತದೆ, ಅಂಕದ ಲೆಕ್ಕ ಎಲ್ಲರ ಬಾಯಲ್ಲೂ. ಅದರ ಮಧ್ಯೆ ಸರಸ್ವತಿ ಪೂಜೆ, ಬೀಳ್ಕೊಡುಗೆ. ನಮ್ಮಲ್ಲಿ ಎರಡೂ ಒಂದೇ ದಿನ. ಅದನ್ನು ನಡೆಸಿಕೊಡುವವರು ಒಂಬತ್ತನೆಯವರು. ಮಾವಿನ ಸೊಪ್ಪು ಯಾರ ತೋಟದಿಂದ, ಬಾಳೆಕಂದು ಯಾರ ಗದ್ದೆಯಿಂದ, ಕಡ್ಲೆಪುರಿ ಎಷ್ಟು ಸೇರು ಎಂದು ಅವರದೇ ಒಂದು ನೋಟ್‌ಬುಕ್ ಇದೆ. ಪ್ರತಿವರ್ಷ ಅದೇ ನೋಟ್‌ಬುಕ್ಕಿನಲ್ಲಿ ಮುಂದಿನ ಪುಟ. ಅವತ್ತು ಹತ್ತನೆಯ ಹುಡುಗಿಯರು ಅಮ್ಮನದೋ ಚಿಕ್ಕಮ್ಮನದೋ ಸೀರೆ ಉಟ್ಟು ಬರುತ್ತಾರೆ, ಹುಡುಗರು ಪಂಚೆ. ಹೊಸದು ಕೊಳ್ಳಬಾರದು, ಮನೆಯಲ್ಲಿರುವುದೇ ಆಗಬೇಕು ಎಂಬುದು ಮಕ್ಕಳೇ ಮಾಡಿಕೊಂಡ ಕಟ್ಟಳೆ. ಬೆಳಗ್ಗೆ ಸ್ಟಾಫ್ ರೂಮಿನಲ್ಲಿ ನಮ್ಮ ಬಾಯಲ್ಲೆಲ್ಲ ಪಿನ್ನು. ಒಬ್ಬೊಬ್ಬರದೇ ಸೆರಗು ಸರಿಮಾಡಿ ಕಳಿಸುತ್ತೇವೆ.

ಹತ್ತನೆಯವರು ಶಾಲೆಗೆ ಏನಾದರೊಂದು ಕೊಟ್ಟು ಹೋಗುವ ಪದ್ಧತಿ ಹಳೆಯದು. ನಮ್ಮ ಗೋಡೆ ಗಡಿಯಾರ, ನೀರಿನ ಫಿಲ್ಟರು, ಸ್ಟೇಜಿನ ಪರದೆ, ಎಲ್ಲದರ ಮೇಲೂ ಒಂದೊಂದು ಬ್ಯಾಚಿನ ವರ್ಷವಿದೆ. ಹತ್ತು ಇಪ್ಪತ್ತು ವರ್ಷ ಬಿಟ್ಟು ಗುರುವಂದನೆ ಕಾರ್ಯಕ್ರಮಕ್ಕೆ ಬಂದವರು ಮೊದಲು ಹುಡುಕುವುದು ತಮ್ಮ ಬ್ಯಾಚಿನ ಗಡಿಯಾರ ಇನ್ನೂ ನಡೆಯುತ್ತಿದೆಯಾ ಅಂತ. ಕೊನೆಯ ಪರೀಕ್ಷೆ ಮುಗಿದ ಮೇಲೆ ಯೂನಿಫಾರಂ ಮೇಲೆ ಇಂಕು ಎರಚಿಕೊಳ್ಳುವ ಚಾಳಿ ಕೆಲವು ಕಡೆ ಇದೆ, ನನಗೆ ಅದು ಇಷ್ಟವಿಲ್ಲ. ಆ ಬಟ್ಟೆ ತಮ್ಮನಿಗೋ ತಂಗಿಗೋ ಇನ್ನೂ ಎರಡು ವರ್ಷ ಬರುತ್ತದೆ.

ಹುಡುಗ ಹುಡುಗಿಯರ ಮಾತುಕತೆ ಬಗ್ಗೆಯೂ ಕೇಳಿದ್ದಿರಿ. ನೇರವಾಗಿ ಹೇಳುತ್ತೇನೆ, ಸಣ್ಣ ಊರು, ಕಣ್ಣು ಜಾಸ್ತಿ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾತಾಡಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಹೋಗುತ್ತದೆ. ಅದು ನಿಮ್ಮ ಮಗಳಿಗೆ ಮೊದಮೊದಲು ಉಸಿರು ಕಟ್ಟಿಸಬಹುದು. ಶಾಲೆಯ ಕೆಲಸದಲ್ಲಿ ಮಾತ್ರ ಒಟ್ಟಿಗೆ ಓಡಾಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಅದಕ್ಕೇ ಅವಳು ಯಾವುದಾದರೂ ಒಂದು ತಂಡದಲ್ಲಿ ಇರಲಿ ಅನ್ನುತ್ತಿದ್ದೇನೆ: ನಿರೂಪಣೆ, ರಂಗೋಲಿ, ಗೈಡ್ಸ್, ಬ್ಯಾಂಡ್ ಸೆಟ್, ಯಾವುದಾದರೂ ಸರಿ.

ಬ್ಯಾಂಡ್ ಸೆಟ್ ಎಂದಾಗ ನೆನಪಾಯಿತು. ನಮ್ಮಲ್ಲಿ ಒಂದು ದೊಡ್ಡ ಡ್ರಮ್ಮು, ನಾಲ್ಕು ಸಣ್ಣವು ಇವೆ. ಹತ್ತನೆಯವರಿಗೆ ಜನವರಿ 26 ಕೊನೆಯ ಪಥಸಂಚಲನ. ಮೈದಾನದಿಂದ ಶಾಲೆಗೆ ವಾಪಸು ಬರುವಾಗ, ಗೇಟಿನ ಹತ್ತಿರ, ಹತ್ತನೆಯವರು ಡ್ರಮ್ಮನ್ನು ಹೆಗಲಿನಿಂದ ಇಳಿಸಿ ಒಂಬತ್ತನೆಯವರಿಗೆ ಹಾಕುತ್ತಾರೆ. ತಾಳ ನಿಲ್ಲಬಾರದು, ಒಬ್ಬರು ಬಿಡುವಾಗ ಇನ್ನೊಬ್ಬರು ಹಿಡಿಯಬೇಕು. ಇದನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ. ನಾನು ಬರುವ ಮುಂಚಿನಿಂದಲೂ ನಡೆಯುತ್ತಿದೆ. ಹೋದ ವರ್ಷ ದೊಡ್ಡ ಡ್ರಮ್ಮು ಮೊದಲ ಸಲ ಒಬ್ಬ ಹುಡುಗಿಯ ಹೆಗಲಿಗೆ ಬಂತು, ಬೆಲ್ಟು ಉದ್ದವಾಗಿ ಡ್ರಮ್ಮು ಮೊಣಕಾಲಿಗೆ ತಾಗುತ್ತಿತ್ತು. ಇಬ್ಬರು ಹುಡುಗರು ಅಕ್ಕಪಕ್ಕ ನಡೆಯುತ್ತಲೇ ಬೆಲ್ಟು ಬಿಗಿಮಾಡಿದರು, ಅವಳು ತಾಳ ಬಿಡಲಿಲ್ಲ.

ನಿಮ್ಮಿಂದ ಆಗಬೇಕಾದದ್ದು ಒಂದೇ. ಪ್ರಾಕ್ಟೀಸ್ ಇರುವ ದಿನ ಅವಳನ್ನು ಬೆಳಗ್ಗೆ ಎಂಟೂವರೆಗೆ ಶಾಲೆಯ ಹತ್ತಿರ ಬಿಡಿ. ಸಂಜೆ ಗೇಟಿಗೇ ಗಾಡಿ ತಂದು ಕರೆದುಕೊಂಡು ಹೋಗಬೇಡಿ, ಬಸ್ ಸ್ಟ್ಯಾಂಡ್ ತನಕ ಗೆಳತಿಯರ ಜೊತೆ ನಡೆದು ಬರಲಿ, ಅವರನ್ನು ಐದೂಕಾಲರ ಬಸ್ಸು ಹತ್ತಿಸಿ ಆಮೇಲೆ ಮನೆಗೆ ಬರಲಿ.