ಡೇಜಾನ್‌ಗೆ ಬರುವ ಮುಂಚೆ: ಚಳಿಗಲ್ಲ, ಅಡ್ವಾನ್ಸ್‌ಗೆ ಹೆದರಿ

ಸೆಪ್ಟೆಂಬರಿಗೆ ದಕ್ಷಿಣ ಕೊರಿಯಾದ ಡೇಜಾನ್‌ನ ಯೂಸಂಗ್ ಕಡೆ ಸಂಶೋಧನಾ ಕೆಲಸಕ್ಕೆ ಬರ್ತಿದ್ದೀನಿ, ಆರು ತಿಂಗಳಾದ ಮೇಲೆ ಹೆಂಡತಿ ಮಗು ಬರ್ತಾರೆ, ಚಳಿ ಹೇಗೆ, ಊಟ ಹೇಗೆ, ದಾವಣಗೆರೆಯಿಂದ ಏನೇನು ಹೊತ್ತು ತರಬೇಕು, ಮನೆ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಬಂದ ಹೊಸತರಲ್ಲಿ ಕೇಳಿದ್ದೂ ಇವೇ ನಾಲ್ಕು, ಇದೇ ಕ್ರಮದಲ್ಲಿ. ಮನೆ ಕೊನೆಗೆ ಬರುತ್ತೆ. ಊರಲ್ಲಿ ಬಾಡಿಗೆ ಮನೆ ಹಿಡಿದು ಗೊತ್ತಿರೋರಿಗೆ ಅದೇನು ಮಹಾ ಅನ್ನಿಸುತ್ತೆ. ಇಲ್ಲಿ ದುಡ್ಡು ಮುಳುಗೋದು ಅಲ್ಲೇ.

ಚಳಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಜನವರಿಯಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೂ ಇಳಿಯುತ್ತೆ, ಜಾಕೆಟ್ ಇಲ್ಲೇ ಕೊಳ್ಳಿ. ನೆಲದಡಿ ಬಿಸಿನೀರಿನ ಕೊಳವೆ ಇರೋದರಿಂದ ಮನೆಯೊಳಗೆ ಬೆಚ್ಚಗಿರುತ್ತೆ. ಒಂದೇ ಎಚ್ಚರಿಕೆ: ಚಳಿಗಾಲದಲ್ಲಿ ಊರಿಗೆ ಹೊರಟಾಗ ಗ್ಯಾಸ್ ಬಿಲ್ ಉಳೀಲಿ ಅಂತ ಬಾಯ್ಲರ್ ಆಫ್ ಮಾಡಬೇಡಿ. ಕಡಿಮೆ ಉಷ್ಣತೆಗೆ ಇಟ್ಟು, ನಲ್ಲಿಯಲ್ಲಿ ಸಣ್ಣಗೆ ನೀರು ತೊಟ್ಟಿಕ್ಕೋ ಹಾಗೆ ಬಿಡಿ. ಕೊಳವೆ ಹೆಪ್ಪುಗಟ್ಟಿ ಒಡೆದರೆ ಓನರ್ ನಿಮ್ಮ ಕಡೆಗೇ ಬೆರಳು ತೋರಿಸ್ತಾರೆ.

ಊಟ. ನೀವು ಸಸ್ಯಾಹಾರಿ ಅಂದಿದ್ದೀರಿ. 'ಗೋಗಿ ಪ್ಪೆಜುಸೆಯೊ', ಅಂದರೆ ಮಾಂಸ ಬೇಡ ಅಂತ ಹೇಳಿದರೆ ಮೇಲೆ ಕಾಣೋ ಮಾಂಸ ಮಾತ್ರ ತೆಗೀತಾರೆ. ಸಾರಿನ ತಳದಲ್ಲಿ ಒಣಮೀನಿನ ರಸ, ಕಿಮ್ಚಿಯಲ್ಲಿ ಸೀಗಡಿಯೋ ಮೀನಿನ ಸಾಸೋ, ಬಿಬಿಂಬಾಪ್ ಜೊತೆ ಕೊಡೋ ಕೆಂಪು ಖಾರದಲ್ಲಿ ಕೆಲವು ಕಡೆ ಹುರಿದ ದನದ ಮಾಂಸ ಇರುತ್ತೆ. ಮನೆ ಅಡುಗೆಯೇ ದಾರಿ. ತೊಗರಿಬೇಳೆ, ಇಂಗು, ಬಾಸ್ಮತಿ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತೆ. ರಾಗಿ ಹಿಟ್ಟು, ಬ್ಯಾಡಗಿ ಮೆಣಸಿನ ಪುಡಿ, ಸಾರಿನ ಪುಡಿ ತನ್ನಿ. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಬೇಡ, ವಿಮಾನ ನಿಲ್ದಾಣದ ಕ್ವಾರಂಟೈನ್‌ನಲ್ಲೇ ಉಳಿಯುತ್ತೆ. ಗಸಗಸೆ ಅಂತೂ ಒಂದು ಕಾಳೂ ಬೇಡ. ಇಲ್ಲಿ ಅದು ಮಾದಕವಸ್ತು ಕಾನೂನಿನಡಿ ಬರುತ್ತೆ, ಗಸಗಸೆ ಬೆರೆಸಿದ ಮಸಾಲೆಯನ್ನೂ ಕಸ್ಟಮ್ಸ್‌ನವರು ಹಿಡೀತಾರೆ. ಅಮ್ಮ ಕಟ್ಟಿಕೊಡೋ ಬಿಸಿಬೇಳೆಬಾತ್ ಪುಡಿಗೆ ಅದನ್ನು ಹಾಕಿದ್ದಾರಾ ಅಂತ ಕೇಳಿ, ಹಾಕಿದ್ದರೆ ಬೇರೆ ಮಾಡಿಸಿ.

ಇಲ್ಲಿ ಕರೆಂಟು 220 ವೋಲ್ಟ್, 60 ಹರ್ಟ್ಸ್. ಮಿಕ್ಸಿ ಓಡುತ್ತೆ, ಎರಡು ದುಂಡು ಪಿನ್ನಿನ ಪ್ಲಗ್ ಬೇಕಷ್ಟೇ. ದೋಸೆ ಹಿಟ್ಟಿನ ವೆಟ್ ಗ್ರೈಂಡರ್ ಇಂಡಕ್ಷನ್ ಮೋಟಾರಿನದು, ನಮ್ಮ 50 ಹರ್ಟ್ಸ್‌ಗೆ ಮಾಡಿದ್ದು. ಇಲ್ಲಿ ಸುಮಾರು ಐದರಲ್ಲೊಂದು ಪಾಲು ಜೋರಾಗಿ ತಿರುಗಿ ಹಿಟ್ಟು ಬಿಸಿಯಾಗುತ್ತೆ, ಹೊತ್ತು ತರೋದು ದಂಡ. ಅಲ್ಯುಮಿನಿಯಂ ಕುಕ್ಕರೂ ಬೇಡ, ಹೊಸ ಮನೆಗಳಲ್ಲಿ ಇಂಡಕ್ಷನ್ ಒಲೆ ಜಾಸ್ತಿ. ತಳ ಇಂಡಕ್ಷನ್‌ಗೆ ಆಗೋ ಸ್ಟೀಲ್ ಕುಕ್ಕರ್ ತನ್ನಿ. ಯುಗಾದಿಗೆ ಬೇವು ಸಿಗಲ್ಲ. ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.

ಈಗ ಮನೆ. ಇಲ್ಲಿ ಎರಡು ಥರ. ಜೊನ್ಸೆ ಅಂದರೆ ನಮ್ಮಲ್ಲಿ ಮನೆ ಭೋಗ್ಯಕ್ಕೆ ಹಾಕಿಕೊಳ್ಳೋ ಥರ, ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರೋದು. ವೊಲ್ಸೆ ಅಂದರೆ ಅಡ್ವಾನ್ಸ್ ಜೊತೆ ತಿಂಗಳ ಬಾಡಿಗೆ. ಯೂಸಂಗ್‌ನ ಗುಂಗ್‌ದೊಂಗ್, ಒವುನ್‌ದೊಂಗ್ ಕಡೆ ಒಂಟಿ ಕೋಣೆಗೆ 30ರಿಂದ 50 ಲಕ್ಷ ವಾನ್ ಅಡ್ವಾನ್ಸ್, ತಿಂಗಳಿಗೆ ಮೂರೂವರೆಯಿಂದ ಐದು ಲಕ್ಷ ವಾನ್ ಬಾಡಿಗೆ ಸಾಮಾನ್ಯ. ಸಂಸಾರಕ್ಕೆ ಎರಡು ಕೋಣೆ ಬೇಕಾದಾಗ ದಲ್ಲಾಳಿ ಹೇಳ್ತಾನೆ, ಅಡ್ವಾನ್ಸ್ ಒಂದು ಕೋಟಿ ವಾನ್ ಹೆಚ್ಚಿಸಿ, ಬಾಡಿಗೆ 50,000 ಇಳಿಸೋಣ ಅಂತ. ಲೆಕ್ಕ ಚೆನ್ನಾಗೇ ಕಾಣುತ್ತೆ. ಬ್ಯಾಂಕಲ್ಲಿ ಕೂಡಿಟ್ಟದ್ದು ಸುಮ್ಮನೆ ಬಿದ್ದಿದೆಯಲ್ಲ ಅಂತ ನಮ್ಮವರು ಒಪ್ಪಿಬಿಡ್ತಾರೆ. ನೀವು ಒಪ್ಪಬೇಡಿ.

ಡೇಜಾನ್‌ನಲ್ಲಿ ಬಾಡಿಗೆಗೆ ಸಿಗೋ ಎಷ್ಟೋ ಕಟ್ಟಡ ದಾಗಾಗು ಥರದ್ದು: ಹತ್ತು ಹದಿನೈದು ಬಿಡಾರ, ಆದರೆ ಓನರ್ ಒಬ್ಬನೇ, ನೋಂದಣಿ ಪತ್ರವೂ ಒಂದೇ. ಇಂಥದ್ದೊಂದು ಕಟ್ಟಡದ ಬೆಲೆ 100 ಕೋಟಿ ವಾನ್, ಅದರ ಮೇಲೆ ಬ್ಯಾಂಕಿನ ಅಡಮಾನ 60 ಕೋಟಿ, ನಿಮಗಿಂತ ಮುಂಚೆ ಬಂದ ಬಾಡಿಗೆದಾರರ ಅಡ್ವಾನ್ಸ್ ಒಟ್ಟು 50 ಕೋಟಿ ಅಂತ ಇಟ್ಟುಕೊಳ್ಳಿ. ಓನರ್ ಸಾಲ ಕಟ್ಟದೆ ಕಟ್ಟಡ ಹರಾಜಾಗಿ 70 ಕೋಟಿ ಬಂದರೆ ಬ್ಯಾಂಕು ತನ್ನದನ್ನು ಎತ್ತಿಕೊಂಡ ಮೇಲೆ ಉಳಿಯೋದು ಹತ್ತೇ ಕೋಟಿ, ಅದಕ್ಕೆ ನಿಮ್ಮ ಮುಂದೆ ಕ್ಯೂ ನಿಂತಿರುತ್ತೆ. ಇಲ್ಲಿ ಜೊನ್ಸೆ ಮೋಸ ಎಷ್ಟು ಬೆಳೀತು ಅಂದರೆ 2023ರ ಜೂನ್‌ನಲ್ಲಿ ಸಂತ್ರಸ್ತರಿಗಾಗಿಯೇ ವಿಶೇಷ ಕಾನೂನು ಜಾರಿಗೆ ತರಬೇಕಾಯ್ತು.

ಹಾಗಾಗಿ ಮೊದಲು ನೋಂದಣಿ ಪತ್ರ ನೋಡಿ. ದುಂಗಿಬು-ದುಂಗ್‌ಬೋನ್ ಅಂತಾರೆ, ನಮ್ಮ ಇಸಿ (ಋಣಭಾರ ಪತ್ರ) ಇದ್ದ ಹಾಗೆ. ಆನ್‌ಲೈನಲ್ಲಿ 700 ವಾನ್ ಕೊಟ್ಟರೆ ಯಾರು ಬೇಕಾದರೂ ನೋಡಬಹುದು, ದಲ್ಲಾಳಿ ತೋರಿಸೋ ಹಳೇ ಪ್ರಿಂಟ್ ನಂಬಬೇಡಿ. 'ಗಾಪ್‌ಗು' ಭಾಗದಲ್ಲಿ ಮಾಲೀಕತ್ವ ಇರುತ್ತೆ. ಅಲ್ಲಿ ಜಪ್ತಿಯೋ, 'ಶಿಂತಾಕ್' ಅಂದರೆ ಟ್ರಸ್ಟಿಗೆ ಒಪ್ಪಿಸಿದ್ದೋ ಕಂಡರೆ ಎದ್ದು ಬನ್ನಿ. 'ಉಲ್‌ಗು' ಭಾಗದಲ್ಲಿ ಅಡಮಾನ; ಅಲ್ಲಿ ಬರೆದಿರೋದು ಸಾಮಾನ್ಯವಾಗಿ ನಿಜವಾದ ಸಾಲದ 120 ಪರ್ಸೆಂಟ್. ಬಾಡಿಗೆದಾರರ ಅಡ್ವಾನ್ಸ್ ಈ ಪತ್ರದಲ್ಲಿ ಕಾಣೋದೇ ಇಲ್ಲ, ಕಣ್ಣು ತಪ್ಪೋದು ಅದೇ. 2023ರ ಏಪ್ರಿಲ್‌ನಿಂದ ಹಿಂದಿನ ಬಾಡಿಗೆದಾರರ ವಿವರವನ್ನೂ ತೆರಿಗೆ ಬಾಕಿಯ ಪತ್ರವನ್ನೂ ಓನರ್ ತೋರಿಸಬೇಕು ಅಂತ ಕಾನೂನಿದೆ. ಕೇಳಿ. ಮುಖ ಗಂಟು ಹಾಕಿದರೆ ಬೇರೆ ಮನೆ ನೋಡಿ.

ಅಡ್ವಾನ್ಸಿನ ಬಾಕಿ ಹಣ ಕೊಡೋ ದಿನ ಬೆಳಿಗ್ಗೆ ಪತ್ರವನ್ನು ಮತ್ತೊಮ್ಮೆ ತೆಗೆಸಿ. ಹಣ ಹಾಕೋದು ಪತ್ರದಲ್ಲಿರೋ ಓನರ್ ಹೆಸರಿನ ಖಾತೆಗೆ ಮಾತ್ರ, ತಮ್ಮನ ಖಾತೆಗೂ ಅಲ್ಲ, ದಲ್ಲಾಳಿ ಖಾತೆಗೂ ಅಲ್ಲ. ವಿಳಾಸ ಬದಲಾವಣೆಗೆ 15 ದಿನ ಅವಕಾಶ ಇದ್ದರೂ ಕಾಯಬೇಡಿ, ಅವತ್ತೇ ವರದಿ ಮಾಡಿಸಿ, ಕರಾರಿನ ಮೇಲೆ ದಿನಾಂಕದ ಮುದ್ರೆ (ಹ್ವಾಕ್‌ಜಂಗ್ ಇಲ್‌ಜಾ) ಹಾಕಿಸಿ, 600 ವಾನ್ ಅಷ್ಟೇ. ವಿದೇಶಿಯರ ವಿಳಾಸ ನೋಂದಣಿಗೂ ಇಲ್ಲಿಯವರ ನೋಂದಣಿಯಷ್ಟೇ ಬೆಲೆ ಅಂತ ಇಲ್ಲಿನ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಆದರೆ ಅಡ್ವಾನ್ಸ್ ಮೇಲಿನ ನಿಮ್ಮ ಹಕ್ಕು ಶುರುವಾಗೋದು ಮಾರನೇ ದಿನದ ಸೊನ್ನೆ ಗಂಟೆಯಿಂದ, ಬ್ಯಾಂಕಿನ ಅಡಮಾನ ಮಾತ್ರ ನೋಂದಾಯಿಸಿದ ದಿನವೇ ಲೆಕ್ಕಕ್ಕೆ. ಈ ಒಂದು ರಾತ್ರಿಯ ಸಂದಿಯಲ್ಲಿ ಓನರ್ ಹೊಸ ಸಾಲ ಎತ್ತಿದರೆ ನೀವು ಅವನ ಬ್ಯಾಂಕಿನ ಹಿಂದೆ ಬೀಳ್ತೀರಿ. ಬಾಕಿ ಹಣ ಕೊಟ್ಟ ಮಾರನೇ ದಿನ ಮುಗಿಯೋವರೆಗೂ ಹೊಸ ಅಡಮಾನ ಇಡೋ ಹಾಗಿಲ್ಲ, ಇಟ್ಟರೆ ಕರಾರು ರದ್ದು ಅಂತ ವಿಶೇಷ ಷರತ್ತು ಬರೆಸಿ.

ನನ್ನ ಮಾತು ಕೇಳೋದಾದರೆ ಅಡ್ವಾನ್ಸ್ 2.8 ಕೋಟಿ ವಾನ್ ದಾಟಿಸಬೇಡಿ. 2023ರ ನಿಯಮದ ಪ್ರಕಾರ ಡೇಜಾನ್‌ನಂಥ ಮಹಾನಗರದಲ್ಲಿ ಅಡ್ವಾನ್ಸ್ 8.5 ಕೋಟಿಯೊಳಗಿದ್ದರೆ ಅದರಲ್ಲಿ 2.8 ಕೋಟಿಯವರೆಗೆ ಬ್ಯಾಂಕಿಗಿಂತ ಮುಂಚೆ ಬಾಡಿಗೆದಾರನಿಗೆ ಸಿಗಬೇಕು. ಹರಾಜಿನ ದಾಖಲೆ ಬೀಳೋಕ್ಕೆ ಮುಂಚೆ ವಿಳಾಸ ನೋಂದಣಿ ಆಗಿರಬೇಕು. ಅಡಮಾನ ಹಳೇದಾದರೆ ಆಗಿನ ಕಾಲದ ಕಡಿಮೆ ಮಿತಿಯೇ ಅನ್ವಯ. ಒಂದು ಕೋಟಿಯೊಳಗೆ ಮುಗಿಸಿ ಬಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟವರು ರಾತ್ರಿ ನಿದ್ದೆ ಮಾಡ್ತಾರೆ. ಬಿಡುವಾಗ ಅಡ್ವಾನ್ಸ್ ವಾಪಸ್ ಬರದಿದ್ದರೆ ವಿಳಾಸ ಬದಲಾಯಿಸಬೇಡಿ. ಬದಲಾಯಿಸಿದ ಕ್ಷಣವೇ ಹಕ್ಕು ಹೋಗುತ್ತೆ. ಮೊದಲು ಕೋರ್ಟಿನಿಂದ ಬಾಡಿಗೆ ಹಕ್ಕಿನ ನೋಂದಣಿ ಆದೇಶ ಪಡೆದು, ಅದು ನೋಂದಣಿ ಪತ್ರದಲ್ಲಿ ಕಂಡ ಮೇಲೆ ಹೊರಡಿ.

ಮೊದಲ ಒಂದೆರಡು ತಿಂಗಳು ಸಂಸ್ಥೆಯ ಗೆಸ್ಟ್‌ಹೌಸ್ ಕೊಟ್ಟರೆ ಅಲ್ಲೇ ಇರಿ. ಬಂದ 90 ದಿನದೊಳಗೆ ಇಮಿಗ್ರೇಷನ್ ಆಫೀಸಲ್ಲಿ ವಿದೇಶಿ ನೋಂದಣಿ ಮಾಡಿಸಬೇಕು, ಮುಂಚೆಯೇ ಹೈಕೊರಿಯಾ ತಾಣದಲ್ಲಿ ಸಮಯ ಕಾದಿರಿಸಿ. ಸಂದೇಹ ಬಂದರೆ ಇಮಿಗ್ರೇಷನ್ ಸಹಾಯವಾಣಿ 1345ಕ್ಕೆ ಫೋನ್ ಮಾಡಿ, ಇಂಗ್ಲಿಷಲ್ಲಿ ಮಾತಾಡ್ತಾರೆ. ಹೆಲ್ತ್ ಇನ್ಶೂರೆನ್ಸ್ ಸಂಬಳದಲ್ಲೇ ಕಡಿತವಾಗುತ್ತೆ.

ಇನ್ನೊಂದನ್ನು ನೀವು ಕೇಳಿಲ್ಲ, ಆದರೂ ಊರಲ್ಲಿದ್ದಾಗಲೇ ನೋಡಿಕೊಳ್ಳಿ. ನಮ್ಮ ಕಡೆ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇರೋದು, ಅಪ್ಪನ ಹೆಸರು ಊರ ಹೆಸರೆಲ್ಲ ಸೇರಿ ಒಂದೇ ಉದ್ದ ಸಾಲಾಗೋದು ಮಾಮೂಲಿ. ಇಲ್ಲಿ ಬ್ಯಾಂಕ್ ಆ್ಯಪ್‌ನಿಂದ ಆನ್‌ಲೈನ್ ಅಂಗಡಿಯವರೆಗೆ ಗುರುತು ಖಚಿತವಾಗೋದು ಫೋನ್ ಕಂಪನಿಯಲ್ಲಿರೋ ಹೆಸರಿನ ಮೇಲೆ. ಒಂದು ಕಡೆ ಹೆಸರು ಹಿಂದುಮುಂದಾದರೆ, ನಡುವೆ ಒಂದು ಸ್ಪೇಸ್ ಹೆಚ್ಚಾದರೆ ಸಾಕು, ಮುಂದೆ ಹೋಗಲ್ಲ. ನೋಂದಣಿ ಕಾರ್ಡ್, ಬ್ಯಾಂಕ್, ಸಿಮ್, ಮನೆ ಕರಾರು ನಾಲ್ಕರಲ್ಲೂ ಅಕ್ಷರ ಒಂದೇ ಥರ ಇರಲಿ, ಕೌಂಟರ್ ಬಿಟ್ಟು ಏಳುವ ಮುಂಚೆ ತಾಳೆ ಹಾಕಿ ನೋಡಿ. ಹೆಂಡತಿಯ ವೀಸಾಕ್ಕೆ ಮದುವೆ ನೋಂದಣಿ ಪತ್ರ, ಮಗುವಿನ ಜನನ ಪ್ರಮಾಣಪತ್ರ ಎರಡಕ್ಕೂ ಅಪಾಸ್ಟಿಲ್ (ಹೊರದೇಶದಲ್ಲಿ ಪತ್ರ ನಡೀಲಿ ಅಂತ ನಮ್ಮ ಸರ್ಕಾರ ಹಾಕಿಕೊಡೋ ದೃಢೀಕರಣ) ಬೇಕಾಗುತ್ತೆ. ಅದರಲ್ಲಿರೋ ಹೆಸರೂ ಪಾಸ್‌ಪೋರ್ಟಿನ ಹೆಸರೂ ಬೇರೆಯಾಗಿದ್ದರೆ ಅಪಾಸ್ಟಿಲ್‌ಗೆ ಕೊಡೋ ಮುಂಚೆಯೇ ತಿದ್ದಿಸಿ, ನೀವಿಲ್ಲಿ ಬಂದ ಮೇಲೆ ಅವರೊಬ್ಬರೇ ಆಫೀಸಿಂದ ಆಫೀಸಿಗೆ ಅಲೆಯೋ ಹಾಗೆ ಮಾಡಬೇಡಿ.